ಷಡ್ಡಕನ ಸಾಲಮುಕ್ತಿ

ಬೆಂಗಳೂರಿನ ಮಧ್ಯಮ ವರ್ಗದಲ್ಲಿ ಈಗ ಒಬ್ಬರನ್ನು ಮಹಾತ್ಮರೆಂದು ಕರೆಯಲು ಅವರು ಜೈಲಿಗೆ ಹೋಗಿರಬೇಕಾಗಿಲ್ಲ, ಉಪವಾಸ ಕೂತಿರಬೇಕಾಗಿಯೂ ಇಲ್ಲ. ಇಪ್ಪತ್ತು ವರ್ಷದ ಮನೆ ಸಾಲವನ್ನು ಆರೇಳು ವರ್ಷಕ್ಕೆ ತೀರಿಸಿದ್ದರೆ ಸಾಕು. ಉಪವಾಸದ ಭಾಗವನ್ನು ಮನೆಯವರು ನೋಡಿಕೊಳ್ಳುತ್ತಾರೆ.

ನಮ್ಮ ಕುಟುಂಬದ ಮಹಾತ್ಮರು ನನ್ನ ಷಡ್ಡಕ, ಹೆಂಡತಿಯ ತಂಗಿಯನ್ನು ಕೈಹಿಡಿದ ಪುಣ್ಯಾತ್ಮರು. 2019ರ ಅಕ್ಟೋಬರಿನಲ್ಲಿ ಕನಕಪುರ ರಸ್ತೆಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆಂದು 50 ಲಕ್ಷ ಸಾಲ ತೆಗೆದರು. ಬಡ್ಡಿ ಶೇ. 8.5, ಅವಧಿ 20 ವರ್ಷ, ತಿಂಗಳ ಕಂತು 43,391 ರೂಪಾಯಿ. ಕ್ರಯಪತ್ರವೂ ಅವರೊಬ್ಬರ ಹೆಸರಿನಲ್ಲೇ ಆಯಿತು. ಖಾಸಗಿ ಶಾಲೆಯಲ್ಲಿ ಟೀಚರಾಗಿರುವ ನನ್ನ ನಾದಿನಿಯ ಸಂಬಳ ಲೆಕ್ಕಕ್ಕೆ ಹಿಡಿಯುವಷ್ಟು ದೊಡ್ಡದಲ್ಲ ಅಂತ ಬ್ಯಾಂಕಿನವರು ಹೇಳಿದರಂತೆ. ಅದೇ ಸಂಬಳ ಇಡೀ ಮನೆ ನಡೆಸುವಷ್ಟು ದೊಡ್ಡದು ಅಂತ ಆಮೇಲೆ ಷಡ್ಡಕ ತೀರ್ಮಾನಿಸಿದರು.

ಮೊದಲ ಕಂತು ಕಟ್ಟಿದ ದಿನ ಅವರಿಗೆ ಜ್ಞಾನೋದಯವಾಯಿತು. 43,391ರಲ್ಲಿ ಬಡ್ಡಿಗೆ ಹೋದದ್ದು 35,417, ಅಸಲಿಗೆ ಸೇರಿದ್ದು 7,974. ಇಪ್ಪತ್ತು ವರ್ಷ ಹೀಗೇ ಕಟ್ಟುತ್ತ ಹೋದರೆ ಒಟ್ಟು 1 ಕೋಟಿ 4 ಲಕ್ಷ ದಾಟುತ್ತದೆ. "ಷಡ್ಡಕರೇ, ಒಂದು ಮನೆಗೆ ಎರಡು ಮನೆ ದುಡ್ಡು ಕೊಡ್ತಿದೀವಿ!" ಅಂತ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದ್ದರು. ಈ ಲೆಕ್ಕ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೂ ಹೀಗೇ ಇತ್ತಲ್ಲ ಅಂತ ನಾನು ಕೇಳಲಿಲ್ಲ. ಗೃಹಪ್ರವೇಶದ ಊಟ ಚೆನ್ನಾಗಿತ್ತು.

ಮಾರನೇ ಭಾನುವಾರ ದೇವರ ಕೋಣೆಯಲ್ಲಿ ವೆಂಕಟರಮಣನ ಪಟದ ಪಕ್ಕಕ್ಕೆ ಒಂದು ಪಟ್ಟಿ ಅಂಟಿಕೊಂಡಿತು. ಉದ್ದನೆಯ ಹಾಳೆ, 240 ಸಾಲು, ಸಾಲಿಗೊಂದು ತಿಂಗಳು. ಪ್ರತಿ ಸಾಲಿನಲ್ಲೂ ಬಡ್ಡಿ ಎಷ್ಟು, ಅಸಲು ಎಷ್ಟು, ಬಾಕಿ ಎಷ್ಟು. ಆರಂಭದ ದಿನಗಳಲ್ಲಿ ಒಂದು ಕಂತಿನಷ್ಟು ದುಡ್ಡನ್ನು ಹೆಚ್ಚುವರಿಯಾಗಿ ಅಸಲಿಗೆ ಕಟ್ಟಿದರೆ ಪಟ್ಟಿಯ ಕೊನೆಯಿಂದ ಹೆಚ್ಚೂಕಡಿಮೆ ಐದು ಸಾಲು ಅಳಿಸಿ ಹೋಗುತ್ತವೆ. ಇದನ್ನು ಕಂಡುಕೊಂಡ ಗಂಡಸನ್ನು ಮತ್ತೆ ಸಂಸಾರಕ್ಕೆ ಎಳೆದು ತರುವುದು ಕಷ್ಟ. ಷಡ್ಡಕ ಸ್ನಾನ ಮಾಡಿ, ಮಡಿಯಲ್ಲೇ ಕೆಂಪು ಪೆನ್ನು ಹಿಡಿದು, ಕೆಳಗಿನಿಂದ ಮೇಲಕ್ಕೆ ಗೀಟು ಹಾಕುತ್ತ ಬಂದರು. "ಇವತ್ತು 2039ರ ಆಗಸ್ಟ್ ಹೊಡೆದು ಹಾಕಿದೆ" ಅಂತ ಕಾಫಿ ಕುಡಿಯುತ್ತ ಹೇಳುತ್ತಿದ್ದರು. ಆ ಮನೆಯಲ್ಲಿ 2039ರ ಆಗಸ್ಟ್ ತಿಂಗಳಿಗೆ ಯಾವ ತಾಪತ್ರಯವೂ ಇರಲಿಲ್ಲ. ತಾಪತ್ರಯ ಇದ್ದದ್ದೆಲ್ಲ ನಡೆಯುತ್ತಿದ್ದ ತಿಂಗಳ ಇಪ್ಪತ್ತೈದನೇ ತಾರೀಕಿಗೆ, ಸಿಲಿಂಡರ್ ಮುಗಿದಾಗ.

ಸಂಸಾರದ ಹೊಸ ಸಂವಿಧಾನ ಒಂದೇ ವಾಕ್ಯದ್ದು: "ನನ್ನ ಸಂಬಳ ಸಾಲಕ್ಕೆ, ನಿನ್ನ ಸಂಬಳ ಮನೆಗೆ." ಕೇಳಲು ಎಷ್ಟು ಸಮಾನತೆ! ಇಬ್ಬರೂ ದುಡಿಯುತ್ತಾರೆ, ಇಬ್ಬರೂ ಪೂರ್ತಿ ಕೊಡುತ್ತಾರೆ. ವ್ಯತ್ಯಾಸ ಇಷ್ಟೇ, ಅವರ ರೂಪಾಯಿ ಚದರಡಿಯಾಗಿ ನಿಲ್ಲುತ್ತದೆ, ಇವಳ ರೂಪಾಯಿ ಬೆಳಿಗ್ಗೆ ಎಂಟಕ್ಕೆ ದೋಸೆಯಾಗಿ ಎಂಟೂವರೆಗೆ ಮಾಯವಾಗುತ್ತದೆ. ರೇಷನ್ನು, ಹಾಲು, ತರಕಾರಿ, ಕರೆಂಟು, ಅಪಾರ್ಟ್‌ಮೆಂಟಿನ ಮೇಂಟೆನೆನ್ಸು, ಮಗನ ಶಾಲೆ ಫೀಸು, ಅತ್ತೆಯ ಬಿ.ಪಿ., ಶುಗರ್ ಮಾತ್ರೆ, ಕೆಲಸದವಳ ಸಂಬಳ ಎಲ್ಲ ಅವಳ ಪಾಲು. ಯಾವುದಕ್ಕೂ ಹಕ್ಕುಪತ್ರವಿಲ್ಲ. ನಾಲ್ಕು ವರ್ಷ ತಂದ ತೊಗರಿಬೇಳೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲು ಬರುವುದಿಲ್ಲ.

ಆದರೂ ಆ ಮನೆಗೆ ಬಂದವರೆಲ್ಲ ಹೊಗಳುತ್ತಿದ್ದದ್ದು ಅವರನ್ನೇ. "ಎಂಥಾ ಶಿಸ್ತು ರೀ ನಿಮ್ಮ ಯಜಮಾನರದು!"

ಶಿಸ್ತೇನೋ ಇತ್ತು. ಶುಭಂ ಹಾಲು ಹೋಗಿ ನೀಲಿ ಪ್ಯಾಕೆಟ್ ಬಂತು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ ನಾಲ್ಕು ರೂಪಾಯಿ ಏರಿದಾಗ ನೀಲಿ ಪ್ಯಾಕೆಟ್ಟಿಗೂ ನೀರು ಬಿತ್ತು. ಅದೇ ವರ್ಷ ತೆಂಗಿನಕಾಯಿ ಬೆಲೆ ಗಗನಕ್ಕೇರಿದಾಗ ಚಟ್ನಿಯಲ್ಲಿ ಹುರಿಗಡಲೆಯದೇ ದರ್ಬಾರು. ಕಾಫಿಪುಡಿಯಲ್ಲಿ ಚಿಕೋರಿ ಬಹುಮತ ಪಡೆಯಿತು. ಗೃಹಜ್ಯೋತಿಯ ಮಿತಿ ದಾಟಿ ಬಿಲ್ಲು ಬಂದೀತೆಂದು ಗೀಸರಿಗೆ ವಾರದ ವೇಳಾಪಟ್ಟಿ. ಇನ್ನು 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದದ್ದೇ ತಡ, ನಾದಿನಿಯ ಸ್ಕೂಟರು ಮಾರಾಟವಾಯಿತು. ಮಾರಿದ ದುಡ್ಡು ಅಸಲಿಗೆ. ಉಳಿದ ಪೆಟ್ರೋಲಿನ ದುಡ್ಡೂ ತಿಂಗಳು ತಿಂಗಳು ಅಸಲಿಗೆ. ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಉಳಿಯಲಿ ಅಂತ ಸರ್ಕಾರ ಮಾಡಿದ ಯೋಜನೆ ಷಡ್ಡಕನ ಎಕ್ಸೆಲ್ ಮೂಲಕ ಹಾದು ನೇರವಾಗಿ ಬ್ಯಾಂಕಿಗೆ ತಲುಪಿತು. ಇಷ್ಟು ಸೋರಿಕೆಯಿಲ್ಲದೆ ತಲುಪಿದ ಸರ್ಕಾರಿ ಯೋಜನೆ ಇನ್ನೊಂದಿಲ್ಲ.

ಮುಯ್ಯಿಯ ವಿಷಯದಲ್ಲಿ ಮಾತ್ರ ಅವರು ಸೋತರು. ನಾದಿನಿಯ ಬಳಿ ಒಂದು ಹಳೇ ಮುಯ್ಯಿ ಪುಸ್ತಕ ಇದೆ, ತಾಯಿಯಿಂದ ಬಂದದ್ದು. ಯಾರ ಮನೆಯ ಮದುವೆಗೆ ಎಷ್ಟು, ಯಾರ ನಾಮಕರಣಕ್ಕೆ ಬೆಳ್ಳಿ ಬಟ್ಟಲೋ ಸ್ಟೀಲ್ ಬಟ್ಟಲೋ, ಯಾರು ಕವರಿನಲ್ಲಿ ಐನೂರು ಇಟ್ಟು ಮೇಲೆ ಸಾವಿರ ಅಂತ ಬರೆದವರು, ಎಲ್ಲ ಅದರಲ್ಲಿ ದಾಖಲು. ಷಡ್ಡಕ ಅದನ್ನು ಓದಿ, "ಇದೂ ಸಾಲವೇ ಅಲ್ವೇನೇ? ಮೂರು ವರ್ಷ ಮುಯ್ಯಿ ನಿಲ್ಲಿಸೋಣ, ಆಮೇಲೆ ಒಟ್ಟಿಗೆ ತೀರಿಸೋಣ" ಅಂದರಂತೆ. ತುಮಕೂರಿನ ಚಿಕ್ಕಪ್ಪನ ಮಗಳ ಮದುವೆಗೆ ಬರಿಗೈಯಲ್ಲಿ ಹೋಗಿ ಹೋಳಿಗೆ ಊಟ ಮಾಡಿ ಬರುವುದು ಹೇಗೆ ಅಂತ ಇವಳು ಕೇಳಿದ್ದಕ್ಕೆ, ಅರಿಶಿನ ಕುಂಕುಮದ ಜೊತೆ ಬಂದು ಬೀರುವಿನಲ್ಲಿ ಬಿದ್ದಿದ್ದ ಬ್ಲೌಸ್ ಪೀಸುಗಳ ಕಡೆ ಬೆರಳು ತೋರಿಸಿದರು. ಆ ಬ್ಲೌಸ್ ಪೀಸುಗಳ ಬಗ್ಗೆ ಅವರಿಗೆ ಗೊತ್ತಿಲ್ಲ. ಅವುಗಳನ್ನು ಯಾರೂ ಹೊಲಿಸುವುದಿಲ್ಲ. ಒಂದೇ ಪೀಸು ಜಯನಗರದಿಂದ ಹೊರಟು ಮೈಸೂರು, ಮಂಡ್ಯ ಸುತ್ತಿ ಮತ್ತೆ ಜಯನಗರಕ್ಕೇ ಬಂದದ್ದುಂಟು. ನೋಟಿನ ಮೇಲೆ ಗವರ್ನರ್ ಸಹಿ ಇರುವ ಹಾಗೆ ಅದರ ಮೇಲೂ ಒಂದು ಸಹಿ ಇರಬೇಕಿತ್ತು.

ಬ್ಯಾಂಕಿನವರದ್ದು ಇನ್ನೊಂದು ಕಥೆ. ಸಾಲ ಕೊಡುವಾಗ ಭಾನುವಾರವೂ ಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುವ ಜನ, ಮುಂಚಿತವಾಗಿ ತೀರಿಸಲು ಹೋದರೆ ಮುಖ ಸಣ್ಣಗೆ ಮಾಡುತ್ತಾರೆ. ದಂಡ ಹಾಕುವ ಹಾಗಿಲ್ಲ. ಫ್ಲೋಟಿಂಗ್ ಬಡ್ಡಿಯ ಮನೆ ಸಾಲ ಬೇಗ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ. ಆದ್ದರಿಂದ ದಂಡದ ಬದಲು ಉಪದೇಶ. "ಯಾಕ್ ಸಾರ್ ಅವಸರ? ಇಷ್ಟು ಕಡಿಮೆ ಬಡ್ಡಿಗೆ ಬೇರೆ ಯಾವ ಸಾಲ ಸಿಗತ್ತೆ? ಈ ದುಡ್ಡನ್ನ ನಮ್ಮ ಇನ್ಶೂರೆನ್ಸ್ ಪ್ಲಾನಲ್ಲಿ ಹಾಕಿ." ಷಡ್ಡಕ ಜಗ್ಗಲಿಲ್ಲ. "ಹಾಗಾದ್ರೆ ಕಂತು ಕಡಿಮೆ ಮಾಡೋದಾ, ಅವಧಿ ಕಡಿಮೆ ಮಾಡೋದಾ?" ಅವಧಿ. ಅರ್ಜಿ ತುಂಬಿ ಹೊರಗೆ ಬರುವಷ್ಟರಲ್ಲಿ ಮೊಬೈಲಿಗೆ ಸಂದೇಶ: ಸಕಾಲಕ್ಕೆ ಕಂತು ಕಟ್ಟುವ ತಮ್ಮಂಥ ಗ್ರಾಹಕರಿಗೆ ಟಾಪ್-ಅಪ್ ಸಾಲ ಮಂಜೂರಾಗಿದೆ, ಒಂದು ಕ್ಲಿಕ್ ಸಾಕು.

ತೆರಿಗೆ ಸಲಹೆಗಾರರೂ ಒಬ್ಬರಿದ್ದರು. ಮನೆ ಸಾಲ ತೀರಿಸಬೇಡಿ, ವರ್ಷಕ್ಕೆ ಎರಡು ಲಕ್ಷದವರೆಗಿನ ಬಡ್ಡಿಗೆ ವಿನಾಯಿತಿ ಇದೆ ಅಂತ. ಮೂವತ್ತು ಪೈಸೆ ತೆರಿಗೆ ಉಳಿಸಲು ಒಂದು ರೂಪಾಯಿ ಬಡ್ಡಿ ಕೊಡಿ ಎನ್ನುವ ಈ ಶಾಸ್ತ್ರವನ್ನು ಹೇಳಿದ್ದಕ್ಕೆ ಅವರು ಫೀಸನ್ನೂ ತೆಗೆದುಕೊಂಡರು. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಆ ಮೂವತ್ತು ಪೈಸೆಯೂ ಇಲ್ಲ.

ಅವರ ಹಟಕ್ಕೆ ಕಾರಣವೇ ಇರಲಿಲ್ಲ ಅಂತ ನಾನು ಹೇಳಲಾರೆ. 2022ರ ಆರಂಭದಲ್ಲಿ ಅವರ ಎದುರು ಫ್ಲ್ಯಾಟಿನವರು ಶೇ. 6.75ಕ್ಕೆ 50 ಲಕ್ಷ ತೆಗೆದು, ಕಂತು ಬರೀ 38 ಸಾವಿರ ಅಂತ ಲಿಫ್ಟಿನಲ್ಲಿ ಸಿಕ್ಕಿದಾಗಲೆಲ್ಲ ಹೇಳುತ್ತಿದ್ದರು. ಆ ವರ್ಷದ ಮೇ ತಿಂಗಳಿಂದ ರೆಪೊ ದರ ಏರತೊಡಗಿ, 2023ರ ಫೆಬ್ರವರಿಗೆ ಶೇ. 4 ಇದ್ದದ್ದು 6.5 ಆಯಿತು. ಕಂತು ಅಷ್ಟೇ ಇತ್ತು, ಅವಧಿ ಮಾತ್ರ ಸದ್ದಿಲ್ಲದೆ ಬೆಳೆಯಿತು. ಶೇ. 9.25ಕ್ಕೆ ಲೆಕ್ಕ ಹಾಕಿದರೆ ಆ ಕಂತು ಹೆಚ್ಚೂಕಡಿಮೆ ಪೂರ್ತಿ ಬಡ್ಡಿಗೇ ಹೋಗುತ್ತದೆ, ಸಾಲ ಇದ್ದಲ್ಲೇ ಇರುತ್ತದೆ. ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಅಂತ ಸಾಲಗಾರನನ್ನು ಕೇಳಿ ಅಂತ ರಿಸರ್ವ್ ಬ್ಯಾಂಕು ಹೇಳಿದ್ದು 2023ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಎದುರು ಮನೆಯವರ ಸಾಲ ಅವರ ನಿವೃತ್ತಿಯನ್ನು ದಾಟಿ ಮೊಮ್ಮಕ್ಕಳ ಕಡೆ ಹೊರಟಿತ್ತು. ಈಗ ಅವರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ.

ಅಂದರೆ ಬ್ಯಾಂಕಿನ ಸಾಲ ಬೇಗ ತೀರಬೇಕು, ಸರಿ. ಅದನ್ನು ಯಾರ ಗಂಟಿನಿಂದ ತೀರಿಸುತ್ತೀರಿ?

2020ರಲ್ಲಿ ಕೊರೋನಾ ಬಂದು, ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಬಹುದು ಅಂತ ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಾಗ, ದೇಶವೆಲ್ಲ ಕಂತು ನಿಲ್ಲಿಸಿ ಕೂತಿತ್ತು. ಷಡ್ಡಕ ಮಾತ್ರ ನಾದಿನಿಯ ಅವಲಕ್ಕಿ ಸರ ಮಾರಿಸಿದರು. ಅವಳ ತಾಯಿ ಮದುವೆಯಲ್ಲಿ ಹಾಕಿದ್ದು, ನಲವತ್ತು ಗ್ರಾಂ. "ಲಾಕರಿನಲ್ಲಿ ಸುಮ್ಮನೆ ಬಿದ್ದಿರತ್ತೆ, ಬಡ್ಡಿ ದುಡಿಯಲ್ಲ" ಅನ್ನುವುದು ಅವರ ವಾದ. ಬಂದದ್ದು ಒಂದು ಲಕ್ಷದ ಎಂಬತ್ತು ಸಾವಿರ. ಆ ದಿನ ಪಟ್ಟಿಯ ಕೆಳಗಿನಿಂದ ಒಂದು ವರ್ಷಕ್ಕೂ ಮೀರಿ ಗೀಟು ಬಿತ್ತು. ಆ ದುಡ್ಡಿನಿಂದ ಮುಂದಿನ ಐದು ವರ್ಷದಲ್ಲಿ ಉಳಿದ ಬಡ್ಡಿ ಲಕ್ಷವನ್ನೂ ಮುಟ್ಟಲಿಲ್ಲ. ಅದೇ ಐದು ವರ್ಷದಲ್ಲಿ ಸುಮ್ಮನೆ ಬಿದ್ದಿರುವ ಚಿನ್ನ ಎರಡು ಪಟ್ಟು ದಾಟಿ ಮೇಲೆ ಹೋಯಿತು. ಎಕ್ಸೆಲ್ಲಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಆಮೇಲೆ ನಾದಿನಿಯ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯವರು ಮೊದಲು ಡೆಪಾಸಿಟ್ ಕಟ್ಟಿ ಅಂದರು. ಷಡ್ಡಕನ ಉಳಿತಾಯ ಖಾತೆಯಲ್ಲಿ ಇದ್ದದ್ದು ಕನಿಷ್ಠ ಶಿಲ್ಕು. ಹಿಂದಿನ ವಾರವಷ್ಟೇ ಬೋನಸ್ ಪೂರ್ತಿ ಅಸಲಿಗೆ ಹೋಗಿತ್ತು. ಬ್ಯಾಂಕಿಗೆ ಫೋನ್ ಮಾಡಿದರು. ಒಮ್ಮೆ ಅಸಲಿಗೆ ಜಮಾ ಆದದ್ದು ವಾಪಸ್ ಬರುವುದಿಲ್ಲ, ಟಾಪ್-ಅಪ್‌ಗೆ ಅರ್ಜಿ ಹಾಕಿ ಅಂದರು. ಒಂದು ಕ್ಲಿಕ್ ಸಾಕಾಗಿದ್ದ ಟಾಪ್-ಅಪ್‌ಗೆ ಈಗ ಸಂಬಳದ ಚೀಟಿ, ಫಾರಂ 16, ಮನೆಯ ಮರುಮೌಲ್ಯಮಾಪನ ಎಲ್ಲ ಬೇಕಂತೆ. ಕಾರಿಡಾರಿನ ಬೆಂಚಿನ ಮೇಲೆ ಅವರು ಆಫೀಸಿನ ಗೆಳೆಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಾಗ ನಾದಿನಿ ಸ್ಟಾಫ್ ರೂಮಿನ ಚೀಟಿ ಕೂಗಿ ಎತ್ತಿದಳು. ಎರಡು ಲಕ್ಷದ ಚೀಟಿಯನ್ನು ಮೂವತ್ತೈದು ಸಾವಿರ ಬಿಟ್ಟು. ಅರ್ಜೆಂಟಿದ್ದವರು ಕೂಗಿದರೆ ಹಾಗೇ, ಉಳಿದ ಟೀಚರುಗಳೆಲ್ಲ ಆ ತಿಂಗಳು ಅವಳ ಅತ್ತೆಯ ಸೊಂಟದ ಲಾಭ ಹಂಚಿಕೊಂಡರು. ಅವಳು ಡೆಪಾಸಿಟ್ ಕಟ್ಟಿ, ರಶೀದಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ಷಡ್ಡಕ ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿ, "ದೇವರು ದೊಡ್ಡವನು, ಹೇಗೋ ಹೊಂದಿಕೆಯಾಯ್ತು" ಅಂದರು. ಹೊಂದಿಸಿದವಳು ಪಕ್ಕದಲ್ಲೇ ನಿಂತು ಅತ್ತೆಯ ಫ್ಲಾಸ್ಕು ತೊಳೆಯುತ್ತಿದ್ದಳು.

ಜೂನ್ ತಿಂಗಳ ಶಾಲೆ ಫೀಸಿನದು ಇನ್ನೂ ಸೊಗಸು. ಕೈಯಲ್ಲಿ ದುಡ್ಡಿಲ್ಲದೆ ಅವಳು ಕ್ರೆಡಿಟ್ ಕಾರ್ಡು ಉಜ್ಜಿದಳು. ಮುಂದಿನ ತಿಂಗಳು ಪೂರ್ತಿ ಕಟ್ಟಲಾಗದೆ ಕನಿಷ್ಠ ಮೊತ್ತ ಕಟ್ಟಿದಳು, ಅದರ ಮುಂದಿನ ತಿಂಗಳೂ ಅಷ್ಟೇ. ತಿಂಗಳಿಗೆ ಶೇ. 3.5, ವರ್ಷಕ್ಕೆ 42. ಶೇ. 8.5ರ ಸಾಲವನ್ನು ಬೇಗ ತೀರಿಸಲು ಶೇ. 42ರ ಸಾಲ ಸಾಕುತ್ತಿರುವ ಈ ಅರ್ಥಶಾಸ್ತ್ರ ಷಡ್ಡಕನಿಗೆ ಕಾಣಲಿಲ್ಲ, ಯಾಕೆಂದರೆ ಕಾರ್ಡು ಅವಳ ಹೆಸರಿನಲ್ಲಿತ್ತು. ಫ್ಲ್ಯಾಟು ಅವರ ಹೆಸರಿನಲ್ಲಿ, ಕಾರ್ಡು ಇವಳ ಹೆಸರಿನಲ್ಲಿ. ಆಸ್ತಿ ಸಾಲ ಎರಡನ್ನೂ ಗಂಡ ಹೆಂಡತಿ ಹಂಚಿಕೊಳ್ಳಬೇಕು ಅಂತ ಹಿರಿಯರು ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದ್ದರು.

ಒಮ್ಮೆ ನಾನೇ ಕೇಳಿದೆ. "ಅಲ್ಲಮ್ಮ, ಇದನ್ನೆಲ್ಲ ಅವರಿಗೆ ಯಾಕೆ ಹೇಳಲ್ಲ?"

"ಹೇಳಿದೆ ಭಾವ. ಬಜೆಟ್ ಸರಿಯಾಗಿ ಮಾಡ್ಕೋಬೇಕು ಅಂದ್ರು. ಒಂದು ಆ್ಯಪ್ ಹಾಕಿಕೊಟ್ರು."

ಆ್ಯಪಿನಲ್ಲಿ ಅವಳು ಕೊತ್ತಂಬರಿ ಸೊಪ್ಪಿನ ಹತ್ತು ರೂಪಾಯಿಯನ್ನೂ ದಾಖಲಿಸಬೇಕಿತ್ತು. ತಿಂಗಳ ಕೊನೆಗೆ ಅದು ಬಣ್ಣಬಣ್ಣದ ಚಕ್ರ ಬಿಡಿಸಿ, ನೀವು ದಿನಸಿಗೆ ಹೆಚ್ಚು ಖರ್ಚು ಮಾಡುತ್ತಿದ್ದೀರಿ ಅಂತ ಬುದ್ಧಿ ಹೇಳುತ್ತಿತ್ತು. ನಾಲ್ಕು ಜನ ಮೂರು ಹೊತ್ತು ಉಣ್ಣುತ್ತಾರೆ ಅನ್ನುವುದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

ಅಂತೂ 2025ರ ಡಿಸೆಂಬರಿನಲ್ಲಿ ಸಾಲ ಮುಗಿಯಿತು. ಹೆಚ್ಚೂಕಡಿಮೆ ಹದಿನಾಲ್ಕು ವರ್ಷ ಮೊದಲೇ! ಪಟ್ಟಿಯಲ್ಲಿ ಗೀಟಿಲ್ಲದ ಸಾಲೇ ಉಳಿಯಲಿಲ್ಲ. ಇನ್ನು ಬ್ಯಾಂಕು ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ಸಾಲ ತೀರಿದ 30 ದಿನದೊಳಗೆ ಕೊಡದಿದ್ದರೆ, ತಪ್ಪು ಬ್ಯಾಂಕಿನದಾದಲ್ಲಿ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಇದನ್ನು ಓದಿದ ಷಡ್ಡಕ ಬ್ಯಾಂಕು ತಡಮಾಡಲಿ ಅಂತ ದೇವರಲ್ಲಿ ಬೇಡಿಕೊಂಡರು. ಹತ್ತು ದಿನ ತಡವಾದರೆ ಐವತ್ತು ಸಾವಿರ, ಇಪ್ಪತ್ತು ದಿನಕ್ಕೆ ಒಂದು ಲಕ್ಷ ಅಂತ ಹೊಸ ಹಾಳೆಯೂ ತಯಾರಾಯಿತು. ಆರು ವರ್ಷದಲ್ಲಿ ಯಾವ ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡದ ಆ ಶಾಖೆ ಇದೊಂದನ್ನು ಗಡುವಿಗೆ ಮೊದಲೇ ಮಾಡಿ ಮುಗಿಸಿತು.

ಜನವರಿಯಲ್ಲಿ ಸತ್ಯನಾರಾಯಣ ಪೂಜೆ. ಕ್ರಯಪತ್ರವನ್ನೂ ಋಣಭಾರ ಪ್ರಮಾಣಪತ್ರವನ್ನೂ ಅರಿಶಿನ ಕುಂಕುಮ ಹಚ್ಚಿ ಮಂಟಪದ ಮುಂದೆ ಇಟ್ಟಿದ್ದರು. ಪ್ರಸಾದವಾದ ಮೇಲೆ ಷಡ್ಡಕ ಸಣ್ಣ ಭಾಷಣ ಮಾಡಿದರು. ದೇವರಿಗೆ, ತಂದೆ ತಾಯಿಯ ಆಶೀರ್ವಾದಕ್ಕೆ, ರಿಸರ್ವ್ ಬ್ಯಾಂಕಿನ ನೀತಿಗೆ, ಕೊನೆಗೆ ಎಕ್ಸೆಲ್ಲಿಗೂ ಕೃತಜ್ಞತೆ ಅರ್ಪಿಸಿದರು. ಆಫೀಸಿನ ಹುಡುಗರು ಫೋಟೋ ತೆಗೆದುಕೊಂಡರು. ಒಬ್ಬ ನವವಿವಾಹಿತ ಆ ಪಟ್ಟಿಯ ಸಾಫ್ಟ್ ಕಾಪಿ ಕೇಳಿದ. ಪಕ್ಕದಲ್ಲಿದ್ದ ಅವನ ಹೆಂಡತಿಯ ಕತ್ತಿನಲ್ಲಿ ಹೊಸ ಸರ ಇತ್ತು. ನನಗೆ ಅವಳ ಬಗ್ಗೆ ಕನಿಕರವಾಯಿತು.

ಬಂದವರೆಲ್ಲ ಹೋದ ಮೇಲೆ ನಾದಿನಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕೂತಳು. ಕೈಯಲ್ಲಿ ಮುಯ್ಯಿ ಪುಸ್ತಕ. ಅದನ್ನು ಹಿಂದಿನಿಂದ ತೆರೆದಳು. ಕೊನೆಯ ಹಾಳೆಗಳಲ್ಲಿ ನೀಲಿ ಪೆನ್ನಿನಲ್ಲಿ, ಕಾಪಿ ತಿದ್ದುವ ಟೀಚರಿನ ಗುಂಡಗಿನ ಅಕ್ಷರ.

"ಬ್ಯಾಂಕಿನವರದ್ದು ಮುಗೀತಲ್ಲಾರೀ. ಇನ್ನು ಇದು."

"ಏನೇ ಇದು?"

"ಸ್ಕೂಟರು, ಚೀಟಿಯಲ್ಲಿ ಬಿಟ್ಟ ಮೂವತ್ತೈದು ಸಾವಿರ, ಕಾರ್ಡಿನ ಬಡ್ಡಿ, ಎಲ್ಲ ಬರೆದಿದೀನಿ. ಅದೆಲ್ಲ ನಿಧಾನಕ್ಕೆ ನೋಡೋಣ. ಮೊದಲು ಸರ."

ಷಡ್ಡಕ ನಕ್ಕರು. ದೊಡ್ಡ ಮನಸ್ಸಿನ ನಗು, ಈಗಷ್ಟೇ ಋಣಮುಕ್ತರಾದವರದ್ದು. "ಅಷ್ಟೇ ತಾನೆ? ಒಂದು ಲಕ್ಷದ ಎಂಬತ್ತು ಸಾವಿರ. ಬಡ್ಡಿ ಸೇರಿಸಿಯೇ ಕೊಡ್ತೀನಿ ಬಿಡು, ಬ್ಯಾಂಕ್ ರೇಟಲ್ಲಿ."

"ನಾನು ನಿಮಗೆ ರೂಪಾಯಿ ಕೊಟ್ಟಿರಲಿಲ್ಲ. ನಲವತ್ತು ಗ್ರಾಂ ಕೊಟ್ಟಿದ್ದೆ."

"ಅಂದ್ರೆ?"

"ನನ್ನದೂ ಫ್ಲೋಟಿಂಗ್ ರೇಟು. ಬೇಗ ತೀರಿಸಿದ್ರೆ ದಂಡ ಇಲ್ಲ."

ಷಡ್ಡಕನ ಕೈ ಜೇಬಿನ ಮೊಬೈಲಿಗೆ ಹೋಯಿತು. ಚಿನ್ನದ ಆ ದಿನದ ದರ ನೋಡಿದರು, ಗುಣಿಸಿದರು, ಇನ್ನೊಮ್ಮೆ ಗುಣಿಸಿದರು. ಐದು ಲಕ್ಷಕ್ಕೆ ಕಡಿಮೆ ಬರಲಿಲ್ಲ. ಅದರ ಮೇಲೆ ಮಜೂರಿ, ವೇಸ್ಟೇಜು, ಶೇ. 3 ಜಿ.ಎಸ್.ಟಿ. ಮುಖದಲ್ಲಿ 2019ರ ಆ ರಾತ್ರಿಯ ಕಳೆ ಮರಳಿ ಬಂತು.

"ಗ್ರಾಂನಲ್ಲಿ ಕಷ್ಟ ಆಗೋದಾದ್ರೆ ಚದರಡಿಯಲ್ಲಿ ಕೊಡಿ" ಅಂದಳು ನಾದಿನಿ, ಮಗನ ಹೋಂವರ್ಕ್ ನೋಡುವ ದನಿಯಲ್ಲೇ. "ಮನೆಯಲ್ಲಿ ಅರ್ಧಪಾಲು ದಾನಪತ್ರ ಮಾಡಿ. ಸಂಸಾರದೊಳಗೇ ಆದ್ರೆ ಸ್ಟ್ಯಾಂಪ್ ಡ್ಯೂಟಿ ಪೂರ್ತಿ ಹಾಕಲ್ಲ, ಸಣ್ಣ ಮೊತ್ತ ಅಷ್ಟೇ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ವಿಚಾರಿಸಿಕೊಂಡು ಬಂದಿದೀನಿ. ಹೋಗಿ ಬರೋ ಬಸ್ಸೂ ಫ್ರೀ ಇತ್ತು."

ಕೋಣೆಯ ಒಳಗಿನಿಂದ ಅತ್ತೆ, "ಕೊಟ್ಟುಬಿಡೋ, ಅವಳೇನು ಹೊರಗಿನವಳಾ?" ಅಂದರು. ಯಾವುದನ್ನು ಕೊಡಬೇಕೆಂದು ಹೇಳಲಿಲ್ಲ. ಷಡ್ಡಕ ಎದ್ದು ನನ್ನ ತೋಳು ಹಿಡಿದು ಬಾಲ್ಕನಿಗೆ ಎಳೆದುಕೊಂಡು ಹೋದರು. ಬಾಗಿಲು ಮುಂದಕ್ಕೆಳೆದು, ದನಿ ತಗ್ಗಿಸಿ ಕೇಳಿದರು:

"ಷಡ್ಡಕರೇ, ಎರಡರಲ್ಲಿ ಯಾವುದು ಕಡಿಮೆಗೆ ಬೀಳತ್ತೆ?"